ಬಿಗಿದ ಬಾಯಿ ಮತ್ತು ಕೋಶಬಾಹ್ಯ ಹಂದರ: ಅರ್ಬುದ ಸಂಶೋಧನೆಯ ಒಂದು ಗಡಿನಾಡ ಓದು

ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲೂಕಿನ ಅಕಿವಾಟ, ದತ್ತವಾಡ, ಖಿದ್ರಾಪುರದಂಥ ದ್ವಿಭಾಷಿಕ ಊರುಗಳಲ್ಲಿ ಅರ್ಬುದರೋಗವನ್ನು ಕುರಿತ ಮಾತು ಬಹುಮಟ್ಟಿಗೆ ಒಂದೇ ಶಬ್ದವನ್ನು ಹಿಡಿದು ನಡೆಯುತ್ತದೆ. ಮರಾಠಿಯಲ್ಲಿ ಅದು 'ಗಾಠ', ಮನೆಗನ್ನಡದಲ್ಲಿ 'ಗಂಟು'. ಮಿರಜಿಗೆ ಹೋದವರು, ಕೊಲ್ಹಾಪುರಕ್ಕೆ ಹೋದವರು, ಮುಂಬೈಯ ಟಾಟಾ ಆಸ್ಪತ್ರೆಯವರೆಗೆ ಹೋಗಿಬಂದವರು ಎಲ್ಲರೂ ಗಂಟಿನ ಲೆಕ್ಕವನ್ನೇ ಹೇಳುತ್ತಾರೆ: ಎಲ್ಲಿತ್ತು, ಎಷ್ಟು ದೊಡ್ಡದಿತ್ತು, ತೆಗೆದರೋ ಬಿಟ್ಟರೋ. ಇದರಲ್ಲಿ ಹಳ್ಳಿಗರ ಅಜ್ಞಾನವನ್ನು ಹುಡುಕುವುದು ಸಲ್ಲದು. ಆಧುನಿಕ ವೈದ್ಯಶಾಸ್ತ್ರವೂ ಇಪ್ಪತ್ತನೆಯ ಶತಮಾನದ ಬಹುಭಾಗವನ್ನು ಗಂಟಿನೊಳಗಿನ ಕೋಶವನ್ನು ನೋಡುತ್ತಲೇ ಕಳೆಯಿತು. ರೋಗವು ಕೋಶದಲ್ಲಿದೆ, ಕೋಶದ ವಂಶವಾಹಿಯಲ್ಲಿದೆ, ಕೆಟ್ಟ ಕೋಶವನ್ನು ಕೊಂದರೆ ರೋಗ ಹೋಯಿತು ಎಂಬುದೇ ಅದರ ಮುಖ್ಯ ಪ್ರಮೇಯವಾಗಿತ್ತು.

ಇದೇ ಊರುಗಳಲ್ಲಿ ಮತ್ತೊಂದು ತೊಂದರೆಯೂ ಉಂಟು. ಅದಕ್ಕೆ ಗಂಟಿಲ್ಲ. ಖಾರ ತಗುಲಿದರೆ ಬಾಯಿ ಉರಿಯುತ್ತದೆ. ಒಳಗೆನ್ನೆ ಕೆಂಪು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಬೆರಳಾಡಿಸಿದರೆ ಚರ್ಮದಡಿಯಲ್ಲಿ ದಾರದಂಥ ಪಟ್ಟಿಗಳು ಸಿಗುತ್ತವೆ. ವರ್ಷಗಳು ಉರುಳಿದಂತೆ ಬಾಯಿ ತೆರೆಯುವ ಅಳತೆ ಕಿರಿದಾಗಿ, ಸುರುಳಿ ಸುತ್ತಿದ ರೊಟ್ಟಿಯ ತುತ್ತು ಒಳಗೆ ಹೋಗದಂತಾಗುತ್ತದೆ. 'ಬಾಯಿ ಬಿಗದೈತಿ' ಎನ್ನುವುದು ಇಲ್ಲಿಯ ಮಾತು. ಬಿಗಿತವು ರೋಗವೆಂದು ಯಾರಿಗೂ ಅನ್ನಿಸುವುದಿಲ್ಲ. ವೈದ್ಯರು ಇದನ್ನು ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಕರೆಯುತ್ತಾರೆ; ಕನ್ನಡದಲ್ಲಿ ಬಾಯೊಳಪೊರೆಯ ನಾರುಗಟ್ಟುವಿಕೆ ಎನ್ನಬಹುದು. ಇದು ಅರ್ಬುದಪೂರ್ವ ಸ್ಥಿತಿ. ಕೋಶಕ್ಕಿಂತ ಮೊದಲು ಕೋಶದ ಸುತ್ತಲಿನ ದ್ರವ್ಯ ಕೆಡುವ ರೋಗ ಇದು. ಜಗತ್ತಿನ ಅರ್ಬುದ ಸಂಶೋಧನೆ ಕಳೆದ ನಾಲ್ಕು ದಶಕಗಳಲ್ಲಿ ತಡವಾಗಿ ತಲುಪಿದ ಪ್ರಶ್ನೆಯೊಂದು ನಮ್ಮ ಪಾನ್ ಅಂಗಡಿಗಳ ಕಟ್ಟೆಯ ಮೇಲೆ ಬಹಳ ಹಿಂದೆಯೇ ಕುಳಿತಿತ್ತು. ಆ ಪ್ರಶ್ನೆಯನ್ನು ಈ ರೋಗದ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಶಬ್ದಗಳ ತೊಡಕು

ಮೊದಲು ಪರಿಭಾಷೆಯ ಮಾತು, ಏಕೆಂದರೆ ಗಡಿಯ ಓದುಗ ಇಲ್ಲಿಯೇ ಎಡವುತ್ತಾನೆ. ಕನ್ನಡದ 'ಕೋಶ' ಮರಾಠಿಯಲ್ಲಿ 'ಪೇಶಿ'. ಕನ್ನಡದಲ್ಲಿ 'ಪೇಶಿ' ಎಂದರೆ ಮಾಂಸಪೇಶಿ, ಸ್ನಾಯು. ಮರಾಠಿ ಕರಪತ್ರದಲ್ಲಿ ಪೇಶಿಗಳು ಹದ್ದುಮೀರಿ ಬೆಳೆಯುತ್ತವೆ ಎಂದು ಓದಿದ ಕನ್ನಡಿಗನಿಗೆ ಸ್ನಾಯು ಊದಿಕೊಳ್ಳುವ ಚಿತ್ರ ಕಾಣುತ್ತದೆ. ಒಂದೇ ಸಂಸ್ಕೃತ ಶಬ್ದ ಎರಡು ಭಾಷೆಗಳಲ್ಲಿ ಎರಡು ದಾರಿ ಹಿಡಿದಾಗ ಅಪರಿಚಿತ ಶಬ್ದಕ್ಕಿಂತ ಪರಿಚಿತ ಶಬ್ದವೇ ಹೆಚ್ಚು ದಾರಿ ತಪ್ಪಿಸುತ್ತದೆ.

ಇಂಗ್ಲಿಷಿನ 'ಟಿಶ್ಯೂ' ಫ್ರೆಂಚಿನ ನೇಯ್ಗೆಯ ಶಬ್ದದಿಂದ ಬಂದದ್ದು. ಅದರ ಲ್ಯಾಟಿನ್ ಮೂಲವೂ 'ಟೆಕ್ಸ್ಟ್' ಎಂಬುದರ ಮೂಲವೂ ಒಂದೇ. ಮರಾಠಿಯ 'ಊತೀ', ಹಿಂದಿಯ 'ಊತಕ' ಎರಡೂ ಸಂಸ್ಕೃತದಲ್ಲಿ ನೇಯ್ದದ್ದು ಎಂಬ ಅರ್ಥದ 'ಊತ'ದಿಂದ ಬಂದವು. ಕನ್ನಡ ಮಾತ್ರ 'ಅಂಗಾಂಶ' ಎಂದಿತು. ಅಂಗದ ಒಂದು ಅಂಶ, ತುಂಡು. ನೇಯ್ಗೆಯ ಕಲ್ಪನೆ ಬಿಟ್ಟುಹೋಯಿತು. ಇಚಲಕರಂಜಿಯ ಮಗ್ಗಗಳ ಸದ್ದಿನ ಪಕ್ಕದಲ್ಲಿ ಬೆಳೆದ ವಿದ್ಯಾರ್ಥಿಗೆ 'ಊತೀ' ಹೇಳುವಷ್ಟನ್ನು 'ಅಂಗಾಂಶ' ಹೇಳಲಾರದು. ಈ ಲೇಖನಕ್ಕೆ ಬೇಕಾದದ್ದು ಹಾಸುಹೊಕ್ಕಿನ ಕಲ್ಪನೆಯೇ.

ಇನ್ನು 'ಎಕ್ಸ್‌ಟ್ರಾಸೆಲ್ಯುಲಾರ್ ಮ್ಯಾಟ್ರಿಕ್ಸ್'. ಮ್ಯಾಟ್ರಿಕ್ಸ್ ಎಂಬುದು ಲ್ಯಾಟಿನ್ನಿನಲ್ಲಿ ತಾಯಿ ಎಂಬರ್ಥದ ಶಬ್ದದಿಂದ ಹುಟ್ಟಿ ಗರ್ಭ ಎಂಬ ಅರ್ಥಕ್ಕೆ ಬಂದಿತು. ಕನ್ನಡ ಗಣಿತದಲ್ಲಿ ಅದು 'ಮಾತೃಕೆ'. ನಮ್ಮ ಗ್ರಂಥಸಂಪಾದನೆಯಲ್ಲಿ ಮಾತೃಕೆ ಎಂದರೆ ಮೂಲ ಹಸ್ತಪ್ರತಿ. ಈ ಎರಡು ಅರ್ಥಗಳ ಭಾರ ಹೊತ್ತ ಶಬ್ದವನ್ನು ಮೂರನೆಯ ಅರ್ಥಕ್ಕೆ ದುಡಿಸುವುದು ಬೇಡವೆಂದು ನನ್ನ ಅಭಿಪ್ರಾಯ. 'ಕೋಶಬಾಹ್ಯ ಹಂದರ' ಎಂಬುದನ್ನು ಇಲ್ಲಿ ಬಳಸಿದ್ದೇನೆ. ಹಂದರ ಬಳ್ಳಿಯನ್ನು ಹೊರುತ್ತದೆ. ಬಳ್ಳಿ ಯಾವ ಕಡೆ ಹರಿಯಬೇಕೆಂಬುದನ್ನೂ ನಿರ್ಧರಿಸುತ್ತದೆ. ಈ ಎರಡನೆಯ ಕೆಲಸವೇ ಮುಖ್ಯವಾದದ್ದು.

ರೋಗದ ಹೆಸರಿನಲ್ಲಿಯೂ ಒಂದು ಸುಳಿವಿದೆ. ಗ್ರೀಕ್ ವೈದ್ಯರು ಏಡಿಯ ಹೆಸರಿಟ್ಟರು. ಮರಾಠಿಯ 'ಕರ್ಕರೋಗ'ವೂ ಕನ್ನಡದ ಹಳೆಯ 'ಏಡಿಗಂತಿ'ಯೂ ಅದರ ಛಾಯೆಗಳು. ಏಡಿಯ ಹೋಲಿಕೆ ಹುಟ್ಟಿದ್ದು ಗಡ್ಡೆಯ ಸುತ್ತ ಕಾಲುಗಳಂತೆ ಹರಡಿದ ಉಬ್ಬಿದ ನಾಳಗಳನ್ನು ನೋಡಿ. ಹೆಸರಿಟ್ಟವರ ಕಣ್ಣು ಗಡ್ಡೆಯ ಜೊತೆಗೆ ಅದರ ಸುತ್ತಲನ್ನೂ ನೋಡಿತ್ತು.

ನೆಲವೂ ಬೀಜವೂ

1889ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸ್ಟೀಫನ್ ಪ್ಯಾಜೆಟ್ ಸ್ತನದ ಅರ್ಬುದದಿಂದ ತೀರಿಕೊಂಡ 735 ಹೆಂಗಸರ ಶವಪರೀಕ್ಷೆಯ ದಾಖಲೆಗಳನ್ನು ಪರಿಶೀಲಿಸಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಲೇಖನ ಬರೆದನು. ರೋಗಕೋಶಗಳು ರಕ್ತದೊಡನೆ ಎಲ್ಲ ಅಂಗಗಳಿಗೂ ಹೋಗುತ್ತವೆಯಾದರೆ ಎಲ್ಲೆಡೆಯೂ ಸಮನಾಗಿ ಬೇರುಬಿಡಬೇಕು. ಆದರೆ ಯಕೃತ್ತಿನಲ್ಲಿ ಅವು ಧಾರಾಳವಾಗಿ ಬೆಳೆದಿದ್ದವು, ಗುಲ್ಮದಲ್ಲಿ ಅಪರೂಪ. ಬೀಜ ಎಲ್ಲ ದಿಕ್ಕಿಗೂ ತೂರಿಹೋಗುತ್ತದೆ, ಹೊಂದುವ ನೆಲದಲ್ಲಿ ಮಾತ್ರ ಮೊಳೆಯುತ್ತದೆ ಎಂಬುದು ಅವನ ತೀರ್ಮಾನ.

ಶಿರೋಳ ತಾಲೂಕಿನ ರೈತನಿಗೆ ಈ ವಾದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬಿಗೆ ಮಿತಿಮೀರಿ ನೀರು ಹಾಯಿಸಿದ ಕೃಷ್ಣಾ ದಂಡೆಯ ಎಷ್ಟೋ ಹೊಲಗಳು ಸವಳು-ಜವಳಾಗಿವೆ. ಅದೇ ಕಬ್ಬಿನ ಕಣಿಕೆ, ಅದೇ ಗೊಬ್ಬರ; ಒಂದು ಹೊಲದಲ್ಲಿ ಆಳೆತ್ತರ, ಪಕ್ಕದಲ್ಲಿ ಮೊಳಕೆಯೂ ಇಲ್ಲ. ಆದರೆ ಹೋಲಿಕೆ ಒಂದು ಹೆಜ್ಜೆಯಲ್ಲಿ ಸೋಲುತ್ತದೆ. ಬೀಜ ಹೊಲವನ್ನು ತಾನೇ ಉತ್ತು ಹದಮಾಡಿಕೊಳ್ಳುವುದಿಲ್ಲ. ದೇಹದಲ್ಲಿ ಕೋಶ ತನ್ನ ಸುತ್ತಲಿನ ನೆಲವನ್ನು ತಾನೇ ಸ್ರವಿಸುತ್ತದೆ, ತಾನೇ ಕಡಿಯುತ್ತದೆ, ಆ ನೆಲದಿಂದ ಆಜ್ಞೆಯನ್ನೂ ಪಡೆಯುತ್ತದೆ. ಪ್ಯಾಜೆಟನ ರೂಪಕ ಸುಮಾರು ನೂರು ವರ್ಷ ಬದಿಗೆ ಬಿದ್ದಿದ್ದಕ್ಕೆ ವಂಶವಾಹಿ ವಿಜ್ಞಾನದ ಅಬ್ಬರ ಒಂದು ಕಾರಣವಾದರೆ, ನೆಲವನ್ನು ಜಡವೆಂದು ಭಾವಿಸಿದ್ದು ಇನ್ನೊಂದು.

ಹಂದರದ ರಚನೆ

ಈ ನೆಲ ಯಾವುದರಿಂದ ಆದದ್ದು? ದೇಹದ ಯಾವುದೇ ಹೊದಿಕೆಯ ಕೆಳಗೆ, ಅಂದರೆ ಬಾಯಿಯ ಒಳಪೊರೆಯ ಕೆಳಗೂ, ಮೊದಲು ಒಂದು ತೆಳು ಹಾಳೆ ಇದೆ. ಅದು ತಳಪೊರೆ, ಲ್ಯಾಮಿನಿನ್ ಮತ್ತು ನಾಲ್ಕನೆಯ ಬಗೆಯ ಕೊಲಾಜೆನ್ ಅದರ ಮುಖ್ಯ ಎಳೆಗಳು. ಹೊದಿಕೆಯ ಕೋಶಗಳು ಈ ಹಾಳೆಯ ಮೇಲೆ ಸಾಲಾಗಿ ಕೂತಿರುತ್ತವೆ. ಅದರ ಕೆಳಗಿನ ಸಡಿಲ ಜಾಗದಲ್ಲಿ ಒಂದನೆಯ ಬಗೆಯ ಕೊಲಾಜೆನ್ನಿನ ಗಟ್ಟಿ ನಾರುಗಳು, ಎಳೆದರೆ ಮರಳುವ ಇಲಾಸ್ಟಿನ್, ನೀರನ್ನು ಹಿಡಿದಿಡುವ ಹಯಲುರೊನಾನ್ ಮೊದಲಾದ ಸಕ್ಕರೆಯ ಸರಪಣಿಗಳು ತುಂಬಿವೆ. ನಡುನಡುವೆ ಅಲ್ಲಲ್ಲಿ ಫೈಬ್ರೋಬ್ಲಾಸ್ಟ್ ಎಂಬ ನಾರುಗಾರ ಕೋಶಗಳು. ಹಳೆಯ ನಾರನ್ನು ಕಡಿದು ಹೊಸದನ್ನು ನೇಯುವುದು ಅವುಗಳ ಉದ್ಯೋಗ. ಹಂದರದ ತಿರುಳಿಗೆ ಸೇರಿದ ಪ್ರೋಟೀನುಗಳೇ ಮನುಷ್ಯನಲ್ಲಿ ಸುಮಾರು 300. ಕೊಲಾಜೆನ್ ಒಂದರಲ್ಲಿಯೇ 28 ಬಗೆಗಳು. ದೇಹದ ಒಟ್ಟು ಪ್ರೋಟೀನಿನ ಸುಮಾರು ಮೂರನೆಯ ಒಂದು ಪಾಲು ಅದೇ.

ಅರ್ಬುದ ಎಂಬ ಹೆಸರು ಪೂರ್ಣಾರ್ಥದಲ್ಲಿ ಅನ್ವಯಿಸುವುದು ಹೊದಿಕೆಯ ಕೋಶ ತಳಪೊರೆಯನ್ನು ದಾಟಿ ಕೆಳಗಿಳಿದಾಗ. ಅದರ ಮುನ್ನ ಅದು ಎಷ್ಟೇ ವಿಕಾರಗೊಂಡಿದ್ದರೂ ಇದ್ದಲ್ಲೇ ಇರುವ ರೋಗ. ಗಡಿ ದಾಟುವುದೇ ವ್ಯಾಖ್ಯೆಯಾಗಿರುವ ಈ ವಿಷಯ ಗಡಿನಾಡಿನ ಓದುಗರಿಗೆ ಬೇರೆ ಬೇರೆ ರೂಪಕಗಳನ್ನು ಒದಗಿಸಬಹುದು. ಆ ಪ್ರಲೋಭನೆಯನ್ನು ಇಲ್ಲಿ ತಡೆಹಿಡಿಯುವುದೇ ಒಳ್ಳೆಯದು.

ಕೊಲಾಜೆನ್ನಿನ ಅಣುರಚನೆ ತಿಳಿದದ್ದು ದಕ್ಷಿಣ ಭಾರತದಲ್ಲಿ ಎಂಬುದು ನಮ್ಮ ಕಡೆ ಅಷ್ಟಾಗಿ ನೆನಪಿಗೆ ಬಾರದ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ. ವಿ. ರಾಮನ್ನರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಮದರಾಸು ವಿಶ್ವವಿದ್ಯಾನಿಲಯಕ್ಕೆ ಹೋದಮೇಲೆ, 1952ರಲ್ಲಿ ಅಲ್ಲಿಗೆ ಬಂದಿದ್ದ ಜೆ. ಡಿ. ಬರ್ನಾಲರು ಕೊಲಾಜೆನ್ನಿನ ರಚನೆ ಇನ್ನೂ ಬಗೆಹರಿದಿಲ್ಲವೆಂದು ಸೂಚಿಸಿದರು. ಮದರಾಸಿನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯಿಂದ ಮಾದರಿಗಳು ದೊರೆತವು. ಗೋಪಿನಾಥ ಕರ್ತಾ ಅವರೊಡನೆ ರಾಮಚಂದ್ರನ್ 1954 ಮತ್ತು 1955ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಬರಹಗಳಲ್ಲಿ ಕೊಲಾಜೆನ್ ಮೂರು ಎಳೆಗಳ ಹುರಿ ಎಂಬುದು ಮುಂದಿಡಲ್ಪಟ್ಟಿತು. ಪ್ರತಿ ಮೂರನೆಯ ಸ್ಥಾನದಲ್ಲಿ ಅತಿ ಚಿಕ್ಕ ಅಮೈನೋ ಆಮ್ಲವಾದ ಗ್ಲೈಸಿನ್ ಇರುವುದರಿಂದಲೇ ಮೂರು ಎಳೆಗಳು ಅಷ್ಟು ಒತ್ತೊತ್ತಾಗಿ ಹೊಸೆದುಕೊಳ್ಳಬಲ್ಲವು. ರಾಮಚಂದ್ರನ್ ಮುಂದೆ ಬೆಂಗಳೂರಿಗೆ ಮರಳಿ ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು.

ಹುರಿ ಹೊಸೆದರೆ ಸಾಲದು. ಹುರಿಗಳನ್ನು ಒಂದಕ್ಕೊಂದು ಕಟ್ಟಬೇಕು. ಆ ಕಟ್ಟನ್ನು ಹಾಕುವ ಕಿಣ್ವ ಲೈಸಿಲ್ ಆಕ್ಸಿಡೇಸ್. ಅದು ಕೆಲಸಮಾಡಲು ತಾಮ್ರ ಬೇಕು. ಕಟ್ಟು ಬಿಚ್ಚಿ ನಾರನ್ನು ಕಡಿಯುವವು ಮೆಟಲ್ಲೊಪ್ರೋಟೀನೇಸ್ ಎಂಬ ಬೇರೊಂದು ಗುಂಪಿನ ಕಿಣ್ವಗಳು. ಅವಕ್ಕೆ ಸತುವು ಬೇಕು. ಆರೋಗ್ಯವಂತ ಬಾಯಿಯಲ್ಲಿ ನೇಯುವುದೂ ಕಡಿಯುವುದೂ ಸರಿದೂಗಿಕೊಂಡು ನಡೆದಿರುತ್ತವೆ.

ಅಡಿಕೆ ಮಾಡುವ ಕೆಲಸ

1952ರಲ್ಲಿ ಷ್ವಾರ್ಟ್ಸ್ ಎಂಬುವನು ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರ ಬಾಯಿ ಬಿಗಿದದ್ದನ್ನು ವರದಿಮಾಡಿ, ಕಾರಣ ತಿಳಿಯದ ಉಷ್ಣವಲಯದ ಕ್ಷಯವೆಂಬ ಅರ್ಥದ ಲ್ಯಾಟಿನ್ ಹೆಸರಿಟ್ಟನು. 1953ರಲ್ಲಿ ಎಸ್. ಜಿ. ಜೋಶಿಯವರು ಭಾರತದಿಂದಲೇ ಇದನ್ನು ವರ್ಣಿಸಿ 'ಸಬ್‌ಮ್ಯೂಕಸ್ ಫೈಬ್ರೋಸಿಸ್' ಎಂಬ ಹೆಸರನ್ನು ರೂಢಿಗೆ ತಂದರು. ಮೊದಲು ಮೆಣಸಿನಕಾಯಿಯ ಖಾರವನ್ನು ಶಂಕಿಸಲಾಯಿತು. ಆಹಾರದ ಕೊರತೆಯನ್ನು ಶಂಕಿಸಲಾಯಿತು. ಕೊನೆಗೆ ಪುರಾವೆಗಳೆಲ್ಲ ಒಂದೇ ಕಡೆ ಕೂಡಿಕೊಂಡವು: ಅಡಿಕೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ 85ನೆಯ ಸಂಪುಟದಲ್ಲಿ, ತಂಬಾಕು ಸೇರದ ಎಲೆಯಡಿಕೆಯನ್ನೂ ಬರಿಯ ಅಡಿಕೆಯನ್ನೂ ಮನುಷ್ಯರಲ್ಲಿ ಅರ್ಬುದ ಉಂಟುಮಾಡುವ ಮೊದಲ ಗುಂಪಿಗೆ ಸೇರಿಸಿತು.

ಅಡಿಕೆ ಹಂದರವನ್ನು ಹೇಗೆ ಕೆಡಿಸುತ್ತದೆ ಎಂಬುದರ ವಿವರ ಕುತೂಹಲಕರವಾಗಿದೆ. ಅಡಿಕೆಯ ಅರಿಕೊಲೀನ್ ಮುಂತಾದ ಕ್ಷಾರಸತ್ವಗಳು, ಸುಣ್ಣ ಕೂಡಿದಾಗ ಇನ್ನಷ್ಟು ಚುರುಕಾಗಿ, ನಾರುಗಾರ ಕೋಶಗಳನ್ನು ಕೊಲಾಜೆನ್ ಹೆಚ್ಚು ನೇಯುವಂತೆ ಪ್ರಚೋದಿಸುತ್ತವೆ. ಹಳೆಯ ನಾರನ್ನು ನುಂಗಿ ಅರಗಿಸುವ ಅವುಗಳ ಸಾಮರ್ಥ್ಯವನ್ನು ಕುಗ್ಗಿಸುತ್ತವೆ. ಅಡಿಕೆಯಲ್ಲಿ ತಾಮ್ರದ ಅಂಶ ಬೇರೆ ಬೀಜಗಳಿಗಿಂತ ಬಹಳ ಹೆಚ್ಚು. ದಿನವಿಡೀ ಅಗಿಯುವವನ ಜೊಲ್ಲಿನ ಮೂಲಕ ತಾಮ್ರ ಒಳಪೊರೆಗೆ ಇಳಿದು ಲೈಸಿಲ್ ಆಕ್ಸಿಡೇಸ್ ಕಿಣ್ವದ ಕೈಗೆ ಸಿಗುತ್ತದೆ. 1990ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ತ್ರಿವೇದಿ, ವರ್ಣಕುಲಸೂರಿಯ ಮೊದಲಾದವರು ರೋಗಿಗಳ ಒಳಪೊರೆಯಲ್ಲಿ ಈ ಕಿಣ್ವ ಹೆಚ್ಚಿರುವುದನ್ನು ತೋರಿಸಿದರು.

ಮೂರನೆಯದು ಟ್ಯಾನಿನ್. ಇಲ್ಲಿ ಸ್ವಲ್ಪ ನಿಲ್ಲಬೇಕು. ಕೊಲ್ಹಾಪುರ, ನಿಪ್ಪಾಣಿ, ಅಥಣಿಯ ಚಪ್ಪಲಿಯ ತೊಗಲು ಹದಗೊಳ್ಳುವುದು ಜಾಲಿಯ ತೊಗಟೆ, ಅಳಲೆಕಾಯಿಗಳ ಒಗರಿನಲ್ಲಿ. 2019ರಲ್ಲಿ ಮಹಾರಾಷ್ಟ್ರದ ನಾಲ್ಕು, ಕರ್ನಾಟಕದ ನಾಲ್ಕು ಜಿಲ್ಲೆಗಳಿಗೆ ಒಟ್ಟಾಗಿ ಭೌಗೋಳಿಕ ಸೂಚಕದ ಮಾನ್ಯತೆ ತಂದುಕೊಟ್ಟ ಕಸುಬು ಅದು. ಹಸಿ ತೊಗಲು ಎಂದರೆ ಬಹುಪಾಲು ಕೊಲಾಜೆನ್. ಒಗರಿನ ಟ್ಯಾನಿನ್ ಕೊಲಾಜೆನ್ನಿನ ಹುರಿಗಳಿಗೆ ಅಂಟಿ ಅವನ್ನು ಪರಸ್ಪರ ಬಿಗಿಯುತ್ತದೆ. ಹೀಗೆ ಬಿಗಿದ ಕೊಲಾಜೆನ್ನನ್ನು ಕೊಳೆಸುವ ಕಿಣ್ವಗಳು ಕಡಿಯಲಾರವು. ಆದ್ದರಿಂದ ಚಪ್ಪಲಿ ಕೊಳೆಯುವುದಿಲ್ಲ. ಅಡಿಕೆಯ ಒಗರೂ ಟ್ಯಾನಿನ್ನೇ. ಅಡಿಕೆಯ ಪಾಲಿಫಿನಾಲುಗಳು ಕೊಲಾಜೆನ್ನನ್ನು ಕಿಣ್ವಗಳಿಗೆ ಮಣಿಯದಂತೆ ಮಾಡುತ್ತವೆಂದು 1987ರಲ್ಲಿ ಪ್ರಯೋಗದಿಂದ ತೋರಿಸಿ, ಬಾಯಿ ಬಿಗಿಯುವುದಕ್ಕೆ ಇದೂ ಒಂದು ಕಾರಣವೆಂದು ಸೂಚಿಸಲಾಯಿತು. ಚಮ್ಮಾರನ ಬಾನಿಯಲ್ಲಿ ವಾರಗಟ್ಟಲೆ ನಡೆಯುವುದು ಜೀವಂತ ಕೆನ್ನೆಯ ಒಳಗೆ ವರ್ಷಗಟ್ಟಲೆ ನಡೆಯುತ್ತದೆ. ಅಡಿಕೆ ಬಿಟ್ಟಮೇಲೂ ಬಾಯಿ ಮೊದಲಿನಂತೆ ತೆರೆಯದಿರುವುದು ಏಕೆ ಎಂಬುದಕ್ಕೆ ಇದು ಉತ್ತರದ ಒಂದು ಭಾಗ.

ಇನ್ನೊಂದು ಭಾಗ ಹಂದರದ ಉಗ್ರಾಣದ ಗುಣದಲ್ಲಿದೆ. ಹಗೇವಿನಲ್ಲಿ ಜೋಳ ಕೂಡಿಟ್ಟಂತೆ ಹಂದರವು ಬೆಳವಣಿಗೆಯ ಸಂಕೇತದ್ರವ್ಯಗಳನ್ನು ಸುಪ್ತಸ್ಥಿತಿಯಲ್ಲಿ ಹಿಡಿದಿಟ್ಟಿರುತ್ತದೆ. ಅವುಗಳಲ್ಲಿ ಟಿಜಿಎಫ್-ಬೀಟಾ ಮುಖ್ಯವಾದದ್ದು. ನಾರುಗಾರ ಕೋಶಗಳಿಗೆ ನೇಯಿರಿ ಎಂದು ಹೇಳುವ ಆಜ್ಞೆ ಅದೇ. ಹೊದಿಕೆಯ ಕೋಶಗಳ ಮೇಲಿನ ಇಂಟಿಗ್ರಿನ್ ಎಂಬ ಹಿಡಿಕೆಗಳಲ್ಲಿ ಆಲ್ಫಾ-ವಿ-ಬೀಟಾ-6 ಎಂಬುದು ಈ ಹಗೇವಿನ ಬಾಯಿ ತೆರೆಯಬಲ್ಲದು. ಅರಿಕೊಲೀನ್ ಈ ಹಿಡಿಕೆಯನ್ನು ಹೆಚ್ಚಿಸುತ್ತದೆಂದು 2011ರಲ್ಲಿ ಕಂಡುಬಂದಿತು. ಹಿಡಿಕೆ ಹೆಚ್ಚಿದರೆ ಆಜ್ಞೆ ಹೆಚ್ಚುತ್ತದೆ, ಆಜ್ಞೆ ಹೆಚ್ಚಿದರೆ ನಾರು ಹೆಚ್ಚುತ್ತದೆ, ಹೊಸ ನಾರಿನೊಡನೆ ಹೊಸ ದಾಸ್ತಾನು. ಚಕ್ರ ಒಮ್ಮೆ ತಿರುಗತೊಡಗಿದರೆ ಅಡಿಕೆಯ ಹಂಗಿಲ್ಲದೆಯೂ ತಿರುಗುತ್ತದೆ.

ಬಿಗಿತದಿಂದ ಅರ್ಬುದಕ್ಕೆ

ಬಾಯಿ ಗಟ್ಟಿಯಾದರೆ ಆಗಲಿ. ಕೋಶ ಏಕೆ ಕೆಡಬೇಕು? ಈ ಪ್ರಶ್ನೆಗೆ ಇಪ್ಪತ್ತೊಂದನೆಯ ಶತಮಾನದ ಉತ್ತರ ಹೀಗಿದೆ. ಕೋಶವು ಇಂಟಿಗ್ರಿನ್‌ಗಳ ಮೂಲಕ ತನ್ನ ನೆಲವನ್ನು ಸದಾ ಎಳೆದು ನೋಡುತ್ತಿರುತ್ತದೆ. ನೆಲ ಮೆತ್ತಗಿದ್ದರೆ ಎಳೆತ ಕರಗುತ್ತದೆ. ಗಟ್ಟಿಯಾಗಿದ್ದರೆ ಎಳೆತ ಹಿಂದಿರುಗಿ ಕೋಶದ ಒಳಗಿನ ಎಲುಬುಗೂಡನ್ನು ಬಿಗಿಗೊಳಿಸುತ್ತದೆ. ಆಗ ಯಾಪ್ ಎಂಬ ಪ್ರೋಟೀನು ಕೋಶದ್ರವದಿಂದ ಕೋಶಕೇಂದ್ರದೊಳಗೆ ಹೋಗಿ ವಿಭಜನೆಯ ವಂಶವಾಹಿಗಳನ್ನು ಎಬ್ಬಿಸುತ್ತದೆ. ಇಟಲಿಯ ಪಾದೋವಾದಲ್ಲಿ ಸ್ಟೆಫಾನೊ ಪಿಕ್ಕೊಲೊ ಅವರ ತಂಡ 2011ರಲ್ಲಿ ಇದನ್ನು ಸ್ಪಷ್ಟಪಡಿಸಿತು. ಅದಕ್ಕೂ ಮುನ್ನ, 2009ರಲ್ಲಿ, ವೆಲೆರಿ ವೀವರ್ ಅವರ ತಂಡ ಇಲಿಗಳ ಸ್ತನದಲ್ಲಿ ಕೊಲಾಜೆನ್ನಿನ ಕಟ್ಟುಗಳು ಹೆಚ್ಚಾದಂತೆ ಅರ್ಬುದ ಮುಂದುವರಿಯುವುದನ್ನೂ, ಲೈಸಿಲ್ ಆಕ್ಸಿಡೇಸನ್ನು ತಡೆದರೆ ಅದು ನಿಧಾನಗೊಳ್ಳುವುದನ್ನೂ ತೋರಿಸಿತ್ತು. ಅಡಿಕೆಯ ತಾಮ್ರ ಕೈಯಿಡುವ ಕಿಣ್ವ ಅದೇ ಎಂಬುದನ್ನು ಗಮನಿಸಬೇಕು.

ನಾರಿನ ದಿಕ್ಕೂ ಮುಖ್ಯ. ವಿಸ್ಕಾನ್ಸಿನ್ನಿನಲ್ಲಿ ಪೆಟ್ರೀಷಿಯಾ ಕೀಲಿ ಮತ್ತು ಸಂಗಡಿಗರು 2006ರಲ್ಲಿ ಕಂಡಂತೆ, ಗಡ್ಡೆಯ ಸುತ್ತ ಕೊಲಾಜೆನ್ ಮೊದಲು ಬೇಲಿಯಂತೆ ಸುತ್ತಿಕೊಂಡಿರುತ್ತದೆ. ಕೆಲವೆಡೆ ಅದು ಲಂಬವಾಗಿ ತಿರುಗಿಕೊಂಡಾಗ ಅರ್ಬುದಕೋಶಗಳು ಆ ನಾರುಗಳನ್ನೇ ಹಳಿಯಾಗಿ ಹಿಡಿದು ಹೊರಗೆ ಸಾಗುತ್ತವೆ.

ಬಾಯಿಯಲ್ಲಿ ಇನ್ನೆರಡು ಸಂಗತಿಗಳು ಸೇರಿಕೊಳ್ಳುತ್ತವೆ. ನಾರು ದಟ್ಟವಾದಂತೆ ರಕ್ತನಾಳಗಳು ಹಿಂಡಿಹೋಗಿ ಪ್ರಾಣವಾಯು ಕಡಿಮೆಯಾಗುತ್ತದೆ. ಮೇಲಿನ ಹೊದಿಕೆ ಸೊರಗಿ ತೆಳುವಾಗುತ್ತದೆ. ಅಗಿಯುವುದು ಮುಂದುವರಿದರೆ ತಂಬಾಕಿನ ವಿಷಗಳು ಆ ತೆಳು ಹೊದಿಕೆಯನ್ನು ಸುಲಭವಾಗಿ ದಾಟುತ್ತವೆ. ಕೇರಳದ ಎರ್ನಾಕುಲಂನಲ್ಲಿ 66 ರೋಗಿಗಳನ್ನು 17 ವರ್ಷ ಹಿಂಬಾಲಿಸಿ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ. 7.6 ಮಂದಿಗೆ ಬಾಯಿಯ ಅರ್ಬುದ ಬಂದಿತ್ತು. ಮುಂದಿನ ಸಮೀಕ್ಷೆಗಳು ಇದಕ್ಕಿಂತ ಕಡಿಮೆ, ಶೇ. 4ರ ಆಸುಪಾಸಿನ ಪ್ರಮಾಣವನ್ನು ಕೊಡುತ್ತವೆ. ನೂರರಲ್ಲಿ ನಾಲ್ವರು ಎಂಬುದು ಕಾಗದದ ಮೇಲೆ ಚಿಕ್ಕ ಸಂಖ್ಯೆ.

ಇಷ್ಟೆಲ್ಲ ಹೇಳಿದಮೇಲೆ ಹಂದರವನ್ನು ಖಳನಾಯಕನನ್ನಾಗಿ ನಿಲ್ಲಿಸಿಬಿಡಬಹುದು. ವಸ್ತುಸ್ಥಿತಿ ಅಷ್ಟು ಸರಳವಾಗಿಲ್ಲ. ಇರಾನಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕೆಲಸಮಾಡಿದ ಮೀನಾ ಬಿಸ್ಸೆಲ್ 1984ರಲ್ಲಿ ಒಂದು ವಿಚಿತ್ರ ಸಂಗತಿಯನ್ನು ಪ್ರಕಟಿಸಿದರು. ಕೋಳಿಗೆ ಚುಚ್ಚಿದರೆ ಗಡ್ಡೆ ಎಬ್ಬಿಸುವ ರೌಸ್ ವೈರಾಣುವನ್ನು ಕೋಳಿಯ ಭ್ರೂಣಕ್ಕೆ ಚುಚ್ಚಿದರೆ ಗಡ್ಡೆ ಏಳುವುದಿಲ್ಲ. ಅದೇ ಭ್ರೂಣದ ಕೋಶಗಳನ್ನು ಬಿಡಿಸಿ ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ ಅವು ಕೆಡುತ್ತವೆ. ವಂಶವಾಹಿ ಒಂದೇ, ನೆರೆ ಬೇರೆ. 1997ರಲ್ಲಿ ಅವರ ಪ್ರಯೋಗಾಲಯದಲ್ಲಿ ವೀವರ್, ಅರ್ಬುದದ ಸ್ತನಕೋಶಗಳ ಬೀಟಾ-1 ಇಂಟಿಗ್ರಿನ್ನನ್ನು ಪ್ರತಿಕಾಯದಿಂದ ತಡೆದರು. ವಂಶವಾಹಿಯ ದೋಷಗಳೆಲ್ಲ ಹಾಗೆಯೇ ಉಳಿದಿದ್ದರೂ ಆ ಕೋಶಗಳು ಆರೋಗ್ಯವಂತ ಗ್ರಂಥಿಯ ಆಕಾರಕ್ಕೆ ಮರಳಿದವು. ಸರಿಯಾದ ಹಂದರ ಕೆಟ್ಟ ಕೋಶವನ್ನು ಹದ್ದಿನಲ್ಲಿಡಬಲ್ಲದು ಎಂದಾಯಿತು. ಬಿಸ್ಸೆಲ್ ಅವರಲ್ಲಿ ಕೆಲಸಮಾಡಿ ಬಂದ ರಾಮರಾಯ ಭಟ್ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ತನ ಮತ್ತು ಅಂಡಾಶಯದ ಅರ್ಬುದಗಳಲ್ಲಿ ಹಂದರದ ಪಾತ್ರವನ್ನು ಅಭ್ಯಾಸಮಾಡುತ್ತಿದ್ದಾರೆ. ತಳಪೊರೆಯಂಥ ಹಾಳೆಯೊಳಗಿಂದ ಕೊಲಾಜೆನ್ನಿಗೆ ಕೋಶಗಳು ಹೇಗೆ ನುಗ್ಗುತ್ತವೆಂಬುದನ್ನು ಎರಡೂ ಪದರಗಳನ್ನು ಪ್ರಯೋಗಾಲಯದಲ್ಲಿ ಕಟ್ಟಿ ನೋಡುವುದು ಅವರ ವಿಧಾನಗಳಲ್ಲೊಂದು.

ಔಷಧದ ಚರಿತ್ರೆ ಇದೇ ಎಚ್ಚರಿಕೆಯನ್ನು ದುಬಾರಿ ಬೆಲೆಗೆ ಕೊಟ್ಟಿದೆ. ಅರ್ಬುದ ಹಂದರವನ್ನು ಕಡಿದು ಹರಡುವುದಾದರೆ ಕಡಿಯುವ ಕಿಣ್ವಗಳನ್ನು ತಡೆದರಾಯಿತು ಎಂದು 1990ರ ದಶಕದಲ್ಲಿ ಮಾರಿಮಾಸ್ಟಾಟ್ ಮುಂತಾದ ಔಷಧಗಳನ್ನು ರೋಗಿಗಳ ಮೇಲೆ ಪರೀಕ್ಷಿಸಿದರು. ಆಯುಷ್ಯ ಹೆಚ್ಚಲಿಲ್ಲ, ಕೀಲುನೋವು ಮಾತ್ರ ಬಂದಿತು. ಹಂದರವೇ ಔಷಧವನ್ನು ತಡೆಯುತ್ತದಾದರೆ ಅದನ್ನು ಕರಗಿಸೋಣವೆಂದು ಮೇದೋಜೀರಕದ ಅರ್ಬುದದಲ್ಲಿ ಹಯಲುರೊನಾನ್ ಕರಗಿಸುವ ಕಿಣ್ವವನ್ನು ಕೊಟ್ಟರು. 2019ರಲ್ಲಿ ಅದೂ ಸೋತಿತು. 2014ರಲ್ಲಿ ಎರಡು ತಂಡಗಳು ಇಲಿಗಳಲ್ಲಿ ಮೇದೋಜೀರಕದ ಗಡ್ಡೆಯ ಸುತ್ತಲಿನ ನಾರುಗಾರ ವ್ಯವಸ್ಥೆಯನ್ನು ಕಡಿಮೆಮಾಡಿದಾಗ ಗಡ್ಡೆ ಇನ್ನೂ ಉಗ್ರವಾಯಿತು. ಬೇಲಿಯೂ ಅದೇ, ಹಳಿಯೂ ಅದೇ. ಬಾಯಿಯ ವಿಷಯದಲ್ಲಿಯೂ ಇಂಥದೇ ಸೂಚನೆ ಇದೆ. ನಾರುಗಟ್ಟಿದ ಬಾಯಿಯಲ್ಲಿ ಹುಟ್ಟಿದ ಅರ್ಬುದವು ಕಿರಿಯ ವಯಸ್ಸಿನವರಲ್ಲಿ ಬರುತ್ತದಾದರೂ ಕುತ್ತಿಗೆಯ ಗ್ರಂಥಿಗಳಿಗೆ ಹರಡುವುದು ಕಡಿಮೆ ಎಂದು ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು 2013ರಲ್ಲಿ ಬರೆದರು. ಅರ್ಬುದವನ್ನು ಹುಟ್ಟಿಸಿದ ಬಿಗಿತವೇ ಅದರ ಓಟಕ್ಕೆ ಸ್ವಲ್ಪ ತಡೆಯೂ ಆಗಿದೆಯೇ ಎಂಬುದು ಸಂಶೋಧಕರ ಮುಂದಿರುವ ಪ್ರಶ್ನೆ.

ಮಾವಾ, ಗುಟಖಾ, ಗಡಿ

ಕೊಲ್ಹಾಪುರ ಸಾಂಗ್ಲಿಯ ಕಡೆ 'ಮಾವಾ' ಎಂದರೆ ಹಾಲಿನ ಪದಾರ್ಥವಲ್ಲ. ಕತ್ತರಿಸಿದ ಅಡಿಕೆಗೆ ತಂಬಾಕು ಹಾಕಿ, ಸುಣ್ಣದ ನೀರು ಬಿಟ್ಟು, ಪ್ಲಾಸ್ಟಿಕ್ ಹಾಳೆಯಲ್ಲಿ ತಿಕ್ಕಿ ಕೊಡುವ ಅಗಿತ. ಗುಜರಾತಿನ ಭಾವನಗರ ಜಿಲ್ಲೆಯಲ್ಲಿ ತಂಬಾಕು ಇಲ್ಲವೆ ಅಡಿಕೆ ಬಳಸುವ 5018 ಗಂಡಸರನ್ನು ಪರೀಕ್ಷಿಸಿದಾಗ 164 ಮಂದಿಯ ಬಾಯಿ ನಾರುಗಟ್ಟಿತ್ತೆಂದೂ, ಬಹುಪಾಲು ಮಾವಾದಿಂದಲೆಂದೂ ಪ್ರಕಾಶ ಗುಪ್ತ ಮತ್ತು ಸಂಗಡಿಗರು 1998ರಲ್ಲಿ ವರದಿಮಾಡಿ ಹೊಸ ಪಿಡುಗಿನ ಅನುಮಾನ ವ್ಯಕ್ತಪಡಿಸಿದರು. ಹೈದರಾಬಾದಿನ 1996ರ ಅಧ್ಯಯನವೊಂದು ಎಲೆಯಡಿಕೆ ಹಾಕುವವರಿಗೆ ರೋಗ ಬರಲು ಸರಾಸರಿ 8.6 ವರ್ಷ ಹಿಡಿದರೆ ಗುಟಖಾ, ಪಾನ್ ಮಸಾಲಾ ಅಗಿಯುವವರಿಗೆ 2.7 ವರ್ಷ ಸಾಕಾಯಿತೆಂದು ಕಂಡಿತು. ಪೊಟ್ಟಣದಲ್ಲಿ ವೀಳ್ಯದೆಲೆಯಿಲ್ಲ, ಒಣ ಅಡಿಕೆಯ ಪ್ರಮಾಣ ಹೆಚ್ಚು.

ಕನ್ನಡ ಸಂಸ್ಕೃತಿಯ ಅಧ್ಯಯನಗಳಲ್ಲಿ ವೀಳ್ಯಕ್ಕೆ ಗೌರವದ ಅಧ್ಯಾಯವಿರುತ್ತದೆ, ಇರಬೇಕಾದದ್ದೇ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಕರ್ನಾಟಕ. ಮಲೆನಾಡು, ಕರಾವಳಿಯ ಲಕ್ಷಾಂತರ ಮನೆಗಳ ಅನ್ನ ಅದು. ಅಲ್ಲಿಯ ಬೆಳೆಗಾರರು ಅಡಿಕೆಯನ್ನು ವಿಷವೆನ್ನುವುದನ್ನು ಒಪ್ಪುವುದಿಲ್ಲ, ತಂಬಾಕನ್ನೇ ದೂರುತ್ತಾರೆ. ಅವರ ಆತಂಕ ಅರ್ಥವಾಗುವಂಥದು. ಆದರೆ ನಾರುಗಟ್ಟುವಿಕೆಯ ಮಟ್ಟಿಗೆ ಮುಖ್ಯ ಕಾರಣ ಅಡಿಕೆಯೇ ಎಂಬುದರಲ್ಲಿ ಸಂದೇಹಕ್ಕೆ ಹೆಚ್ಚು ಎಡೆಯಿಲ್ಲ. ಮಲೆನಾಡಿನ ತೋಟದ ಅಡಿಕೆ, ನಿಪ್ಪಾಣಿಯ ಹೊಲದ ತಂಬಾಕು ಎರಡೂ ಕನ್ನಡ ನೆಲದಲ್ಲಿ ಬೆಳೆಯುವ ಬೆಳೆಗಳು. ಕನ್ನಡದ ನಿಯತಕಾಲಿಕವೊಂದು ಇದನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕವಾಗದು.

ಮಹಾರಾಷ್ಟ್ರ 2012ರಲ್ಲಿ ಗುಟಖಾ ಮತ್ತು ಪಾನ್ ಮಸಾಲಾ ಎರಡನ್ನೂ ನಿಷೇಧಿಸಿತು. ಕರ್ನಾಟಕ 2013ರಲ್ಲಿ ಗುಟಖಾವನ್ನು ನಿಷೇಧಿಸಿತು. ಪಾನ್ ಮಸಾಲಾದ ಪೊಟ್ಟಣ, ತಂಬಾಕಿನ ಪೊಟ್ಟಣ ಬೇರೆಬೇರೆಯಾಗಿ ಮಾರಾಟವಾಗತೊಡಗಿ ಗಿರಾಕಿ ಎರಡನ್ನೂ ಬಾಯಲ್ಲಿಯೇ ಬೆರೆಸಿಕೊಂಡ. ಎರಡು ಕಾನೂನುಗಳ ನಡುವಿನ ಗಡಿಯ ಪರಿಣಾಮವನ್ನು ಶಿರೋಳ, ಕಾಗಲ, ಗಡಹಿಂಗ್ಲಜದ ಜನರಿಗೆ ವಿವರಿಸಬೇಕಾಗಿಲ್ಲ. 'ಲ್ಯಾನ್ಸೆಟ್ ಆಂಕಾಲಜಿ' 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ ಹೊಗೆರಹಿತ ತಂಬಾಕು ಅಥವಾ ಅಡಿಕೆಯಿಂದ ಉಂಟಾದ ಬಾಯಿಯ ಅರ್ಬುದಗಳು ಸುಮಾರು 1,20,200. ಅವುಗಳಲ್ಲಿ 83,400 ಭಾರತದವು.

ನಾರುಗಟ್ಟಿದ ಬಾಯಿಯನ್ನು ಮೊದಲಿನಂತೆ ಮಾಡುವ ಔಷಧ ಇಲ್ಲ. ಸ್ಟೀರಾಯ್ಡ್ ಮತ್ತು ಹಯಲುರೊನಿಡೇಸ್ ಚುಚ್ಚುಮದ್ದು, ಬಾಯಿ ತೆರೆಯುವ ವ್ಯಾಯಾಮ, ತೀರ ಬಿಗಿದಾಗ ಶಸ್ತ್ರಕ್ರಿಯೆ ಇಷ್ಟೇ. ಅಗಿಯುವುದನ್ನು ಬೇಗ ಬಿಟ್ಟರೆ ಬಿಗಿತ ಅಲ್ಲಿಗೆ ನಿಲ್ಲುವ ಸಾಧ್ಯತೆ ಹೆಚ್ಚು. ಒಳಪೊರೆಯ ಮೇಲೆ ಕಣ್ಣಿಟ್ಟರೆ ಅರ್ಬುದವನ್ನು ಮೊದಲ ಹಂತದಲ್ಲಿ ಹಿಡಿಯಬಹುದು. ಆದ್ದರಿಂದ ಇಡೀ ವಿಷಯ ಬಿಗಿತವನ್ನು ರೋಗವೆಂದು ಗುರುತಿಸುವ ಒಂದೇ ಹೆಜ್ಜೆಯ ಮೇಲೆ ನಿಂತಿದೆ.

ರಾಷ್ಟ್ರೀಯ ಆರೋಗ್ಯ ಕಾರ್ಯಕ್ರಮದಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ತಪಾಸಣಾ ಪಟ್ಟಿಯಲ್ಲಿ ಬಾಯಿ ತೆರೆಯಲು ತೊಂದರೆಯಿದೆಯೇ ಎಂಬ ಪ್ರಶ್ನೆ ಇದೆ. ಪಟ್ಟಿಯನ್ನು ರೂಪಿಸಿದವರಿಗೆ ಈ ರೋಗ ಗೊತ್ತಿತ್ತು. ಆದರೆ ಪಟ್ಟಿ ಅನ್ವಯಿಸುವುದು 30 ವರ್ಷ ದಾಟಿದವರಿಗೆ; ಮಾವಾ ತಿನ್ನುವ ಹುಡುಗ ಇಪ್ಪತ್ತರ ಒಳಗೇ ಬಿಗಿದುಕೊಂಡಿರುತ್ತಾನೆ. ಇನ್ನು ಮಹಾರಾಷ್ಟ್ರದ ಆಡಳಿತದ ಭಾಷೆ ಮರಾಠಿ. 'ತೋಂಡ ಉಘಡಾಯಲಾ ತ್ರಾಸ ಹೋತೋ ಕಾ' ಎಂದು ಕೇಳಿದರೆ, ಮನೆಯಲ್ಲಿ ಕನ್ನಡವಾಡುವ ಮುದುಕಿಯೂ ಇಲ್ಲವೆಂದೇ ತಲೆಯಾಡಿಸುತ್ತಾಳೆ. ತ್ರಾಸ ಎಂದರೆ ನೋವು, ಅವಳಿಗೆ ನೋವಿಲ್ಲ. ದಂತವೈದ್ಯರು ಬಳಸುವ ಅಳತೆ ಇದಕ್ಕಿಂತ ಸರಳ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಬೇಕು. ಮೂರು ಹೋಗದಿದ್ದರೆ ವೈದ್ಯರ ಬಳಿ ಹೋಗಬೇಕು. ಮೂರು ಬೆರಳು, ತೀನ ಬೋಟ: ಎರಡೂ ಭಾಷೆಗಳಲ್ಲಿ ಅರ್ಥ ಕೆಡದೆ ದಾಟುವ ಮಾತು ಇದು. ಪಾನ್ ಅಂಗಡಿಯ ಕಟ್ಟೆಯ ಮೇಲೆ ಕುಳಿತವನೂ ತನ್ನ ಕೈಯಿಂದ ತಾನೇ ನೋಡಿಕೊಳ್ಳಬಹುದು.